ನಮ್ಮೂರ ಲೈಬ್ರರಿಗೆ ಪುಸ್ತಕದ ದಾರಿ ತೋರಿಸುವ ಆ್ಯಪ್ ಬೇಕಾ? ಗೊತ್ತಿದ್ದವರು ಹೇಳಿ

ಕೀಲಿಕೈ (ಚರ್ಚೆ ಶುರು ಮಾಡಿದವರು)

ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ಒಂದು ಸಣ್ಣ ಲೈಬ್ರರಿ ನಮ್ಮದು. ಎರಡು ಕೋಣೆ, ಒಂದು ಜಗಲಿ, ಮುರಕಲ್ಲಿನ ಗೋಡೆ, ಮೇಲೆ ತಗಡು ಶೀಟು. ಪುಸ್ತಕ ಆರು ಸಾವಿರ ಚಿಲ್ಲರೆ. ಅರ್ಧಕ್ಕಿಂತ ಜಾಸ್ತಿ ಕನ್ನಡ, ಉಳಿದದ್ದು ಮಲಯಾಳ, ಒಂದು ಕಪಾಟು ಇಂಗ್ಲಿಷ್. ನಾನು ಕಾರ್ಯದರ್ಶಿ. ಸಂಬಳ ಇಲ್ಲದ ಕೆಲಸ, ಬೈಗುಳ ಮಾತ್ರ ಉಂಟು.

ಗಲ್ಫಿನಲ್ಲಿರುವ ಊರಿನವರು ಸೇರಿ ಸ್ವಲ್ಪ ದುಡ್ಡು ಕೊಡುತ್ತೇವೆ, ಏನಾದರೂ ಹೊಸತು ಮಾಡಿ ಎಂದಿದ್ದಾರೆ. ಬಣ್ಣ ಬಳಿಯುವುದಕ್ಕೆ ಕೊಡುವುದಿಲ್ಲವಂತೆ. ಅದೇ ಹೊತ್ತಿಗೆ ಒಂದು ಕಂಪೆನಿಯ ಹುಡುಗರು ಬಂದು ಡೆಮೊ ಕೊಟ್ಟರು. ಗೋಡೆಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ‘ಬೀಕನ್’ ಅಂಟಿಸುತ್ತಾರೆ. ಮೊಬೈಲಿನಲ್ಲಿ ಪುಸ್ತಕದ ಹೆಸರು ಹಾಕಿದರೆ ನೀಲಿ ಚುಕ್ಕೆಯೊಂದು ನಮ್ಮನ್ನು ಕಪಾಟಿನ ಎದುರಿಗೇ ಕರೆದುಕೊಂಡು ಹೋಗುತ್ತದೆ ಎಂದರು. ಡೆಮೊ ದಿನ ನಾನು ಕಾದಂಬರಿ ಕಪಾಟಿನ ಮುಂದೆ ನಿಂತಿದ್ದೆ. ಚುಕ್ಕೆ ಮಾತ್ರ ಪಕ್ಕದ ಮನೆಯವರು ಅಡಿಕೆ ಒಣಗಿಸುವ ಅಂಗಳದಲ್ಲಿ ಇತ್ತು. ‘ಕ್ಯಾಲಿಬ್ರೇಶನ್ ಮಾಡಿದರೆ ಸರಿಯಾಗುತ್ತದೆ ಸಾರ್’ ಅಂದರು.

ಕೊಟೇಶನ್ ನೋಡಿ ನಮ್ಮ ಖಜಾಂಚಿ ಎರಡು ಸಲ ಕನ್ನಡಕ ಒರೆಸಿಕೊಂಡರು. ಇದು ನಿಜವಾಗಿ ಕೆಲಸ ಮಾಡುತ್ತದಾ? ಬರುವ ಭಾನುವಾರ ಕಮಿಟಿ ಉಂಟು.

ಅಡಿಕೆ ಸೋಗೆ

ಎರಡು ಕೋಣೆಯ ಲೈಬ್ರರಿಯಲ್ಲಿ ಇಷ್ಟರವರೆಗೆ ದಾರಿ ತಪ್ಪಿದವರು ಎಷ್ಟು ಜನ ಮಾರಾಯ್ರೆ?

ಕೀಲಿಕೈ

ಜನ ತಪ್ಪಲಿಲ್ಲ ಅಣ್ಣ. ಪುಸ್ತಕ ತಪ್ಪುತ್ತದೆ. ರಿಜಿಸ್ಟರಿನಲ್ಲಿ ಉಂಟು, ಕಪಾಟಿನಲ್ಲಿ ಇಲ್ಲ. ಕಳೆದ ಸಲ ಸ್ಟಾಕ್ ನೋಡಿದಾಗ ಹಾಗೆ ಎಪ್ಪತ್ತು ಚಿಲ್ಲರೆ ಪುಸ್ತಕ ಇದ್ದವು.

ಸಿಗ್ನಲ್ ಇಲ್ಲ

ನಾನು ಮುಳ್ಳೇರಿಯದವನು, ಬೆಂಗಳೂರಿನಲ್ಲಿ ಇಂಥದ್ದೇ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಮೊದಲು ಜಿಪಿಎಸ್. ಅದರ ಉಪಗ್ರಹಗಳು ಇರುವುದು ಸುಮಾರು 20,200 ಕಿಲೋಮೀಟರ್ ಮೇಲೆ. ಕಡಿಮೆ ಎಂದರೆ ನಾಲ್ಕು ಉಪಗ್ರಹದ ಸಿಗ್ನಲ್ ಸಿಕ್ಕಿದರೆ ಮಾತ್ರ ಫೋನಿಗೆ ತಾನು ಎಲ್ಲಿದ್ದೇನೆ ಎಂದು ಲೆಕ್ಕ ಸಿಗುತ್ತದೆ. ಬಯಲಿನಲ್ಲಿ ನಿಂತರೆ ಐದು ಮೀಟರ್ ಆಚೆ ಈಚೆ ತೋರಿಸಬಹುದು. ತಗಡಿನ ಮಾಡಿನ ಕೆಳಗೆ ಆ ಸಿಗ್ನಲ್ ಬರುವುದೇ ಇಲ್ಲ. ಬಂದರೂ ಎಲ್ಲೆಲ್ಲಿಗೋ ಬಡಿದು ಬರುತ್ತದೆ. ನಿಮ್ಮ ಚುಕ್ಕೆ ಅಂಗಳಕ್ಕೆ ಹಾರಿದ್ದು ಇದರಿಂದಲೇ ಇರಬೇಕು. ಬೀಕನ್ ಸರಿಯಾಗಿ ಸಿಗದಾಗ ಆ್ಯಪ್ ಜಿಪಿಎಸ್ ನಂಬಿರುತ್ತದೆ.

ಬೀಕನ್ ಎಂದರೆ ಬ್ಲೂಟೂತಿನಲ್ಲಿ ‘ನಾನು ಮೂರನೇ ನಂಬರ್, ನಾನು ಮೂರನೇ ನಂಬರ್’ ಎಂದು ಸುಮ್ನೆ ಕೂಗುತ್ತಾ ಇರುವ ಡಬ್ಬಿ. ಅದಕ್ಕೆ ನೀವು ಯಾರು, ಪುಸ್ತಕ ಯಾವುದು ಎಂತದೂ ಗೊತ್ತಿಲ್ಲ. ಕೂಗು ಎಷ್ಟು ಜೋರಾಗಿ ಕೇಳುತ್ತದೆ ಎಂದು ನೋಡಿ ಫೋನು ದೂರ ಅಂದಾಜು ಮಾಡುತ್ತದೆ. ಕಷ್ಟ ಇರುವುದು ಅಲ್ಲೇ. ನಮ್ಮ ಮೈಯಲ್ಲಿ ನೀರು ಜಾಸ್ತಿ, ಅದು ಆ ಅಲೆಯನ್ನು ಹೀರಿಕೊಳ್ಳುತ್ತದೆ. ನೀವು ಬೀಕನ್‌ಗೆ ಬೆನ್ನು ಹಾಕಿ ನಿಂತರೆ ಸಾಕು, ಫೋನಿಗೆ ನೀವು ದೂರ ಹೋದಂತೆ ಅನಿಸುತ್ತದೆ. ಕಬ್ಬಿಣದ ಕಪಾಟು ಇದ್ದರೆ ಅಲೆ ಬಡಿದು ವಾಪಸ್ ಬರುತ್ತದೆ. ಚೆನ್ನಾಗಿ ಕೂರಿಸಿದರೂ ಒಂದರಿಂದ ಮೂರು ಮೀಟರ್ ವ್ಯತ್ಯಾಸ ಖಂಡಿತ.

ಈಗ ಹೇಳಿ, ನಿಮ್ಮ ಎರಡು ಕಪಾಟಿನ ನಡುವೆ ಜಾಗ ಎಷ್ಟು?

ಕೀಲಿಕೈ

ಒಬ್ಬರು ನಿಂತರೆ ಇನ್ನೊಬ್ಬರು ಅಡ್ಡ ತಿರುಗಿ ದಾಟಬೇಕು.

ಸಿಗ್ನಲ್ ಇಲ್ಲ

ಹಾಗಾದರೆ ಆ ಚುಕ್ಕೆ ‘ನೀವು ಕೋಣೆಯೊಳಗೆ ಇದ್ದೀರಿ’ ಎಂದು ಹೇಳುತ್ತದೆ. ಅದು ನಿಮಗೆ ಗೊತ್ತೇ ಉಂಟಲ್ವಾ?

ನಾಲ್ಕೈದು ಮಹಡಿಯ ಯೂನಿವರ್ಸಿಟಿ ಲೈಬ್ರರಿ ಆದರೆ ಮಾತು ಬೇರೆ. ಅಲ್ಲಿ ‘ಮೂರನೇ ಮಹಡಿ, ಪೂರ್ವದ ಬದಿ’ ಎಂದು ಗೊತ್ತಾದರೂ ಲಾಭ. ಇನ್ನೊಂದು ವಿಷಯ. ಆ್ಯಪಲ್ ಐಬೀಕನ್ ಎಂಬ ತನ್ನ ಬೀಕನ್ ಪದ್ಧತಿ ಬಿಟ್ಟದ್ದು 2013ರಲ್ಲಿ. ಗೂಗಲ್ 2015ರಲ್ಲಿ ಎಡ್ಡಿಸ್ಟೋನ್ ಎಂಬ ತನ್ನದನ್ನು ತಂದಿತು. ಬೀಕನ್ ಹತ್ತಿರ ಹೋದರೆ ಆ್ಯಪ್ ಇಲ್ಲದೆಯೂ ಆಂಡ್ರಾಯ್ಡ್ ಫೋನಿಗೆ ಸೂಚನೆ ಬರುವ ವ್ಯವಸ್ಥೆ ಆಗ ಇತ್ತು. ಕಂಡಕಂಡ ಅಂಗಡಿಯವರೆಲ್ಲ ಜಾಹೀರಾತು ತುಂಬಿದರು, 2018ರ ಡಿಸೆಂಬರಿನಲ್ಲಿ ಗೂಗಲ್ ಅದನ್ನು ಮುಚ್ಚಿತು. ಈಗ ಪ್ರತಿಯೊಬ್ಬ ಓದುಗನೂ ನಿಮ್ಮ ಆ್ಯಪ್ ಹಾಕಿಕೊಳ್ಳಬೇಕು, ಬ್ಲೂಟೂತ್ ಆನ್ ಇಡಬೇಕು, ಲೊಕೇಶನ್ ಅನುಮತಿ ಕೊಡಬೇಕು. ನಿಮ್ಮಲ್ಲಿ ಸಂಜೆ ಪೇಪರ್ ಓದಲು ಬರುವ ಅಜ್ಜಂದಿರು ಇದನ್ನೆಲ್ಲ ಮಾಡುತ್ತಾರಾ? ಬೀಕನ್ ಬ್ಯಾಟರಿ ಮುಗಿದರೆ ಏಣಿ ಹತ್ತಿ ಬದಲಿಸುವವರು ಯಾರು?

ಕಾರ್ಡ್ ಕೆಟಲಾಗ್

ಮಂಗಳೂರಿನ ಕಡೆ ಕಾಲೇಜು ಲೈಬ್ರರಿಯಲ್ಲಿದ್ದೇನೆ. ಮೇಲಿನವರು ಹೇಳಿದ್ದು ಸರಿ. ನನ್ನದೊಂದು ಸೇರಿಸುತ್ತೇನೆ, ಏಕೆಂದರೆ ಮುಂದಿನ ಸಲ ನಿಮ್ಮ ಹತ್ತಿರ ಆರ್‌ಎಫ್‌ಐಡಿ ಮಾರುವವರು ಬಂದೇ ಬರುತ್ತಾರೆ.

ಅದು ಒಳ್ಳೆಯ ಸಾಮಾನು. ಪ್ರತಿ ಪುಸ್ತಕದೊಳಗೆ ತೆಳ್ಳಗಿನ ಟ್ಯಾಗ್ ಅಂಟಿಸುತ್ತಾರೆ, ಅದಕ್ಕೆ ಬ್ಯಾಟರಿ ಬೇಡ. ಲೈಬ್ರರಿಗಳಲ್ಲಿ ಹೆಚ್ಚಾಗಿ ಬಳಸುವುದು 13.56 ಮೆಗಾಹರ್ಟ್ಸಿನದ್ದು, ಒಂದು ಮೊಳದೊಳಗೆ ಇದ್ದರೆ ಮಾತ್ರ ಓದುತ್ತದೆ. ಹಾಗಾಗಿ ‘ಪುಸ್ತಕ ಎಲ್ಲಿದ್ದರೂ ಕಂಪ್ಯೂಟರಿನಲ್ಲಿ ಕಾಣುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾಣುವುದಿಲ್ಲ. ಕೈಯಲ್ಲಿ ಹಿಡಿಯುವ ಓದುಯಂತ್ರವನ್ನು ಕಪಾಟಿನ ಉದ್ದಕ್ಕೆ ಎಳೆದುಕೊಂಡು ಹೋಗಬೇಕು. ಆಗ ಯಾವ ಪುಸ್ತಕ ಜಾಗ ತಪ್ಪಿ ಕೂತಿದೆ ಎಂದು ಕೀಂ ಎನ್ನುತ್ತದೆ. ಲಕ್ಷ ಪುಸ್ತಕ ಇದ್ದವರಿಗೆ ಅದು ದೊಡ್ಡ ಉಪಕಾರ. ಆರು ಸಾವಿರಕ್ಕೆ ಇಬ್ಬರು ಮಕ್ಕಳು, ಒಂದು ರಿಜಿಸ್ಟರ್, ಎರಡು ರಜಾದಿನ ಸಾಕು.

ನಿಮ್ಮ ಎಪ್ಪತ್ತು ಪುಸ್ತಕ ಎಲ್ಲಿಗೆ ಹೋಗಿರಬಹುದು ಎಂದು ಅಂದಾಜು ಉಂಟಾ?

ನಿವೃತ್ತ ಮಾಷ್ಟ್ರು

ನಾನು ಹೇಳುತ್ತೇನೆ. ಮಲಯಾಳ ಕಪಾಟಿನಲ್ಲಿ ನೋಡಿ.

ನಮ್ಮೂರ ಲೈಬ್ರರಿಯಲ್ಲಿ ಹತ್ತು ವರ್ಷದ ಹಿಂದೆ ಇದೇ ಆಗಿತ್ತು. ವಿಷಯಕ್ಕೊಂದು ಅಂಕೆ ಕೊಟ್ಟು ಪುಸ್ತಕ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಮಲಯಾಳ ಸಾಹಿತ್ಯಕ್ಕೆ 894.812. ಕೊನೆಯ ಒಂದು ಅಂಕೆ ಮಾತ್ರ ಬೇರೆ. ಬೆನ್ನಿಗೆ ಅಂಟಿಸಿದ ಚೀಟಿ ಮಳೆಗಾಲದ ಥಂಡಿಗೆ ಮಾಸಿ ಹೋದರೆ ಎರಡು ಯಾವುದು, ನಾಲ್ಕು ಯಾವುದು ಗೊತ್ತಾಗುವುದಿಲ್ಲ. ವಾಪಸ್ ಬಂದ ಪುಸ್ತಕ ಜೋಡಿಸುತ್ತಿದ್ದ ಹುಡುಗನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವನ ತಪ್ಪಲ್ಲ. ಅವನು ಅಂಕೆ ನೋಡಿ ಇಟ್ಟ. ಒಂದು ಯಕ್ಷಗಾನ ಪ್ರಸಂಗದ ಪುಸ್ತಕ ನಾಲ್ಕು ವರ್ಷ ಮಲಯಾಳ ನಾಟಕಗಳ ನಡುವೆ ಹಾಯಾಗಿ ಕೂತಿತ್ತು. ನಾವು ಯಾರೋ ಕದ್ದಿದ್ದಾರೆ ಎಂದು ಒಬ್ಬರ ಮೇಲೆ ಅನುಮಾನವನ್ನೂ ಪಟ್ಟಿದ್ದೆವು. ಈಗ ನೆನೆಸಿದರೆ ನಾಚಿಕೆ.

ಲೈಬ್ರರಿ ಶಾಸ್ತ್ರದ ರಂಗನಾಥನ್ 1931ರಲ್ಲೇ ‘ಓದುಗನ ಸಮಯ ಉಳಿಸಿ’ ಎಂದು ಬರೆದಿದ್ದಾರೆ, ಅವರ ಐದು ಸೂತ್ರಗಳಲ್ಲಿ ಅದು ನಾಲ್ಕನೆಯದು. ಸಮಯ ಉಳಿಸಲಿಕ್ಕೆ ಬೀಕನ್ನೇ ಬೇಕೆಂದು ಇಲ್ಲ, ಒಳ್ಳೆಯ ಚೀಟಿಯೂ ಆಗುತ್ತದೆ.

ಅಡಿಕೆ ಸೋಗೆ

ಮಾಷ್ಟ್ರೇ, ಅನುಮಾನ ಪಟ್ಟದ್ದು ನನ್ನ ಮೇಲೆ ಅಲ್ಲ ತಾನೇ?

ನಿವೃತ್ತ ಮಾಷ್ಟ್ರು

ನಿನ್ನ ಮೇಲೆ ಇರುವ ಅನುಮಾನ ಬೇರೆ. ನೀನು 2016ರಲ್ಲಿ ಕೊಂಡುಹೋದ ಎರಡು ಪುಸ್ತಕ ಇನ್ನೂ ಬರಲಿಲ್ಲ.

ಕೀಲಿಕೈ

ಮಾಷ್ಟ್ರು ಹೇಳಿದ್ದು ಓದಿ ಈಗಲೇ ಹೋಗಿ ನೋಡುವ ಅನಿಸುತ್ತಿದೆ. ಡೆಮೊದ ಒಂದು ವಿಷಯ ಹೇಳಲು ಬಿಟ್ಟುಹೋಯಿತು. ಆ್ಯಪ್ ತೆರೆದ ಕೂಡಲೇ ಪೂರ್ತಿ ಮಲಯಾಳದಲ್ಲಿ ಬಂತು. ಪಕ್ಕದಲ್ಲಿ ಐದನೇ ಕ್ಲಾಸಿನ ಒಬ್ಬ ಹುಡುಗ ನಿಂತಿದ್ದ, ಕನ್ನಡ ಮೀಡಿಯಂ. ಫೋನು ಅವನ ಕೈಗೆ ಕೊಟ್ಟರು. ಅವನು ಒಂದು ಸಲ ನೋಡಿದ, ತಿರುಗಿಸಿ ನೋಡಿದ, ಮತ್ತೆ ಮೆಲ್ಲಗೆ ನನ್ನ ಕೈಗೆ ಕೊಟ್ಟು ಚಂದಮಾಮದ ಹಳೆ ಬೈಂಡ್ ಹುಡುಕಲು ಹೋದ. ಕೇಳಿದ್ದಕ್ಕೆ ಕಂಪೆನಿಯವರು ‘ಲೊಕೇಶನ್ ಕೇರಳ ಅಂತ ಬರುತ್ತದೆ ಸಾರ್, ಅದಕ್ಕೆ ಆಟೋಮ್ಯಾಟಿಕ್ ಮಲಯಾಳ’ ಅಂದರು.

ನಿವೃತ್ತ ಮಾಷ್ಟ್ರು

ಇದು ಹೊಸತಲ್ಲ. 1956ರ ನವೆಂಬರ್ ಒಂದರಿಂದ ನಮ್ಮ ಲೊಕೇಶನ್ ಕೇರಳ ಎಂದೇ ಬರುತ್ತಿದೆ.

ಸಿಗ್ನಲ್ ಇಲ್ಲ

ಮಾಷ್ಟ್ರೇ, ನಗು ಬಂತು. ಆದರೆ ಇದು ಸುಲಭದಲ್ಲಿ ಸರಿ ಮಾಡಬಹುದಾದ ತಪ್ಪು, ಅದಕ್ಕೇ ಜಾಸ್ತಿ ಸಿಟ್ಟು ಬರುತ್ತದೆ.

ಫೋನಿನಲ್ಲಿ ನಾವು ಯಾವ ಭಾಷೆ ಆರಿಸಿದ್ದೇವೆ ಎಂಬುದು ಆ್ಯಪಿಗೆ ತಿಳಿಯುತ್ತದೆ. ಬ್ರೌಸರ್ ಪ್ರತಿ ಪುಟ ಕೇಳುವಾಗಲೂ ‘ಇವರಿಗೆ ಕನ್ನಡ ಬೇಕು, ಇಲ್ಲದಿದ್ದರೆ ಇಂಗ್ಲಿಷ್’ ಎಂದು ಜೊತೆಗೇ ಹೇಳಿ ಕಳಿಸುತ್ತದೆ. ಅದನ್ನು ಕೇಳಿಸಿಕೊಳ್ಳದೆ ಅಕ್ಷಾಂಶ ರೇಖಾಂಶ ನೋಡಿ ಭಾಷೆ ತೀರ್ಮಾನ ಮಾಡುವುದು ಸೋಮಾರಿತನ, ಅಷ್ಟೇ. ನಾನು ಎಲ್ಲಿ ನಿಂತಿದ್ದೇನೆ ಎಂಬುದು ಬೇರೆ, ನನಗೆ ಯಾವುದು ಓದಲು ಬರುತ್ತದೆ ಎಂಬುದು ಬೇರೆ. ಕಾಸರಗೋಡಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ನಾಲ್ವರು ಮನೆಯಲ್ಲಿ ನಾಲ್ಕು ಭಾಷೆ ಮಾತಾಡುತ್ತಾರೆ. ತುಳು, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಉಂಟು. ಯಾವ ಉಪಗ್ರಹಕ್ಕೆ ಅದು ಗೊತ್ತಾಗುತ್ತದೆ?

ತಲಪಾಡಿ ಹತ್ತಿರ ಇನ್ನೂ ಮಜಾ. ಟವರ್ ನೋಡಿ ಜಾಗ ಹೇಳುವ ಆ್ಯಪ್ ಆದರೆ, ಮಂಜೇಶ್ವರದಲ್ಲಿ ಮನೆಯೊಳಗೆ ಕೂತವನಿಗೆ ಅಡಿಗೆ ಕೋಣೆಯಲ್ಲಿ ಕರ್ನಾಟಕ, ಜಗಲಿಯಲ್ಲಿ ಕೇರಳ.

ಪಯಸ್ವಿನಿ

ನಾನು ಮನೆಮನೆಗೆ ಪುಸ್ತಕ ಕೊಂಡುಹೋಗುವವಳು. ವನಿತಾ ಲೈಬ್ರೇರಿಯನ್ ಅಂತಾರೆ. ಹೊರಗೆ ಬರಲು ಆಗದ ಹೆಂಗಸರಿಗೆ, ವಯಸ್ಸಾದವರಿಗೆ ಪುಸ್ತಕ ಕೊಟ್ಟು ಹಳೆಯದನ್ನು ತರುವ ಕೆಲಸ. ನೀವೆಲ್ಲ ಒಳಗಿನ ಲೊಕೇಶನ್ ಮಾತಾಡುತ್ತಿದ್ದೀರಿ. ನನಗೆ ಬೇಕಾದ್ದು ಹೊರಗಿನದ್ದು.

ಒಬ್ಬ ತಮ್ಮ ಬಂದು ನನ್ನ ಮನೆಗಳನ್ನೆಲ್ಲ ಮೊಬೈಲ್ ಮ್ಯಾಪಿನಲ್ಲಿ ಗುರುತು ಹಾಕಿಕೊಟ್ಟ. ಯಾವ ಮನೆ ಹತ್ತಿರ ಎಂದು ಲಿಸ್ಟು ಬರುವ ಹಾಗೆ ಮಾಡಿದ. ಮೊದಲ ದಿನವೇ ಸಿಕ್ಕಿಬಿದ್ದೆ. ಲಿಸ್ಟಿನಲ್ಲಿ ಎರಡನೇ ಮನೆ 300 ಮೀಟರ್ ಎಂದು ಬಂತು. ಹೌದು, 300 ಮೀಟರೇ. ನಡುವೆ ತೋಡು ಉಂಟು! ಬೇಸಿಗೆಯಲ್ಲಿ ಅಡಿಕೆ ಮರದ ಸಂಕ ದಾಟಿ ಹೋಗಬಹುದು. ಮಳೆಗಾಲದ ಆಟಿ ತಿಂಗಳಿನಲ್ಲಿ ನೀರು ಸಂಕದ ಮೇಲೆ ಹೋಗುತ್ತದೆ. ಆಗ ಮೇಲಿನ ರಸ್ತೆಗೆ ಹತ್ತಿ, ಗುಡ್ಡೆ ಸುತ್ತಿ, ಆಚೆ ಬೈಲಿಗೆ ಇಳಿಯಬೇಕು. ಮುಕ್ಕಾಲು ಗಂಟೆ. ಚೀಲದಲ್ಲಿ ಹದಿನೈದು ಪುಸ್ತಕ, ಮೇಲೆ ಪ್ಲಾಸ್ಟಿಕ್ ಕವರು, ಒಂದು ಕೈಯಲ್ಲಿ ಕೊಡೆ. ಆ ದಿನ ಮ್ಯಾಪಿಗೆ ಬೈದದ್ದು ಇಲ್ಲಿ ಬರೆಯುವ ಹಾಗಿಲ್ಲ.

ಸಿಗ್ನಲ್ ಇಲ್ಲ

ಅಕ್ಕಾ, ಅದು ಕಾಗೆ ಹಾರುವ ದೂರ ಲೆಕ್ಕ ಹಾಕಿದೆ. ‘ಹತ್ತಿರದ ಲೈಬ್ರರಿ’ ಎಂದು ತೋರಿಸುವ ಎಷ್ಟೋ ಸೇವೆಗಳು ಮಾಡುವುದೂ ಅದನ್ನೇ. ಶಿರಿಯ ಹೊಳೆಯ ಆಚೆ ದಡದ ಲೈಬ್ರರಿಯನ್ನು ‘ನಿಮ್ಮ ಹತ್ತಿರ’ ಎನ್ನುತ್ತವೆ, ಸೇತುವೆ ಎಲ್ಲಿದೆ ಎಂದು ನೋಡುವುದಿಲ್ಲ.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಲ್ಲಿ ಕಾಲುದಾರಿ, ಸಂಕ ಎಲ್ಲ ನಾವೇ ಸೇರಿಸಬಹುದು. ಮಳೆಗಾಲದಲ್ಲಿ ದಾರಿ ಇಲ್ಲ ಎಂದೂ ಬರೆದಿಡಬಹುದು. ಒಂದೇ ಊರಿಗೆ ಕನ್ನಡ, ಮಲಯಾಳ, ತುಳು ಹೆಸರನ್ನು ಬೇರೆ ಬೇರೆ ಸಾಲಿನಲ್ಲಿ ಹಾಕಲಿಕ್ಕೂ ಆಗುತ್ತದೆ. ಮಂಜೇಶ್ವರವೂ ಇರಲಿ, ಮಂಜೇಶ್ವರಂ ಕೂಡ ಇರಲಿ. ಹುಡುಕುವವನು ಯಾವುದನ್ನು ಬರೆದರೂ ಸಿಗಬೇಕು. ನೀವು ಒಂದು ದಿನ ಫೋನಿನಲ್ಲಿ ಜಾಡು ರೆಕಾರ್ಡ್ ಮಾಡಿಕೊಂಡು ನಡೆದರೆ, ಮ್ಯಾಪಿಗೆ ಹಾಕುವ ಕೆಲಸ ನನ್ನದು.

ಪಯಸ್ವಿನಿ

ದಾರಿ ಹಾಕು ತಮ್ಮಾ, ಸಂಕ ಹಾಕು. ಮನೆ ಮಾತ್ರ ಹಾಕಬೇಡ.

ಯಾವ ಮನೆಯಲ್ಲಿ ಒಬ್ಬರೇ ಅಜ್ಜಿ ಇದ್ದಾರೆ, ಯಾರು ಹಗಲು ಬಾಗಿಲು ಹಾಕಿ ಮಲಗುತ್ತಾರೆ ಎಲ್ಲ ನನಗೆ ಗೊತ್ತು. ಒಬ್ಬಳು ಮಗಳು ಯಾವ ಪುಸ್ತಕ ಕೇಳಿದಳು ಎಂದು ಅವಳ ಮನೆಯವರಿಗೇ ಹೇಳುವುದಿಲ್ಲ ನಾನು. ಅದೆಲ್ಲ ಆ ಆ್ಯಪಿಗೆ ಹೋಗಿ, ಆ್ಯಪ್ ಯಾರಿಗೋ ಮಾರಿದರೆ?

ಕಾರ್ಡ್ ಕೆಟಲಾಗ್

ಅಕ್ಕ ಹೇಳಿದ ಈ ಮಾತಿಗೆ ನನ್ನ ಎರಡು ಕೈ. ಯಾರು ಎಲ್ಲಿ ನಿಂತರು, ಯಾವ ಕಪಾಟಿನ ಮುಂದೆ ಎಷ್ಟು ಹೊತ್ತು ನಿಂತರು ಎಂಬುದನ್ನು ಬೀಕನ್ ಆ್ಯಪ್ ದಾಖಲು ಮಾಡಬಹುದು. ಮಾರುವವರು ಅದನ್ನೇ ‘ರಿಪೋರ್ಟು ಸಿಗುತ್ತದೆ’ ಎಂದು ಹೊಗಳುತ್ತಾರೆ. ಓದುಗ ಎಂತ ಓದಿದ ಎಂಬುದು ಲೈಬ್ರರಿಯವರ ಹೊಟ್ಟೆಯಲ್ಲೇ ಇರಬೇಕಾದ ಗುಟ್ಟು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿ ತೆಗೆದುಕೊಳ್ಳಲು ಹೆತ್ತವರ ಒಪ್ಪಿಗೆ ಬೇಕು ಎಂದಿದೆ. ಮಕ್ಕಳ ಜಾಡು ಹಿಡಿಯುವುದಕ್ಕೂ ತಡೆ ಹಾಕಿದ್ದಾರೆ. ನಿಮ್ಮಲ್ಲಿ ಬರುವವರಲ್ಲಿ ಅರ್ಧ ಜನ ಶಾಲೆಯ ಮಕ್ಕಳೇ ಅಲ್ವಾ? ಕಂಪೆನಿಯವರ ಹತ್ತಿರ ಕೇಳಿ, ಮಾಹಿತಿ ಎಲ್ಲಿ ಇಡುತ್ತಾರೆ, ಎಷ್ಟು ದಿನ ಇಡುತ್ತಾರೆ ಎಂದು. ಉತ್ತರ ಕಾಗದದಲ್ಲಿ ಕೊಡಲಿ.

ಅಡಿಕೆ ಸೋಗೆ

ನನಗೆ ಒಂದು ಆಸೆ ಇತ್ತು. ನಾನು ಕೇಳಿದ ಪುಸ್ತಕ ಲೈಬ್ರರಿಗೆ ವಾಪಸ್ ಬಂದಿದ್ದರೆ, ಆ ಕಡೆ ಹೋಗುವಾಗ ಫೋನು ಟಿಣ್ ಅನ್ನಬೇಕು. ಅದು ಆಗುತ್ತದಾ?

ಸಿಗ್ನಲ್ ಇಲ್ಲ

ಆಗುತ್ತದೆ. ಜಿಯೋಫೆನ್ಸ್ ಅಂತಾರೆ. ನಕ್ಷೆಯಲ್ಲಿ ಒಂದು ವೃತ್ತ ಹಾಕಿ, ಅದರೊಳಗೆ ಕಾಲಿಟ್ಟರೆ ಸೂಚನೆ ಬರುವ ಹಾಗೆ. ಆಂಡ್ರಾಯ್ಡಿನಲ್ಲಿ ಆ ವೃತ್ತದ ತ್ರಿಜ್ಯ ಕನಿಷ್ಠ 100–150 ಮೀಟರ್ ಇರಲಿ ಎನ್ನುತ್ತಾರೆ. ಅಂದರೆ ನೀವು ಬಸ್ಸಿನಲ್ಲಿ ಕೂತು ಆ ಕಡೆ ಹಾದುಹೋದರೂ ಟಿಣ್. ನೀವು ಇಳಿಯಬೇಕು ಎಂದು ಎದ್ದು ನಿಲ್ಲುವಾಗ ಬಸ್ಸು ಮುಂದಿನ ಸ್ಟಾಪಿನಲ್ಲಿ ಇರುತ್ತದೆ.

ಅಡಿಕೆ ಸೋಗೆ

ಬೇಡ. ಕೀಲಿಕೈಯವರು ಒಂದು ವಾಟ್ಸ್ಆ್ಯಪ್ ಹಾಕಿದರೆ ಸಾಕು.

ಶಾರ್ಜಾ ಶೆಡ್

ದುಡ್ಡು ಕೊಡುವವರಲ್ಲಿ ನಾನೂ ಒಬ್ಬ. ಎಲ್ಲ ಓದಿದೆ. ನೀವೆಲ್ಲ ಸೇರಿ ಬೇಡ ಬೇಡ ಎಂದರೆ ನಮಗೂ ಬೇಜಾರಾಗುತ್ತದೆ. ಇಲ್ಲಿ ಮಾಲ್‌ಗಳಲ್ಲಿ ಅಂಗಡಿ ಹುಡುಕಲು ಇದೆಲ್ಲ ಉಂಟು, ಚಂದ ಕೆಲಸ ಮಾಡುತ್ತದೆ. ನಮ್ಮೂರಿನ ಮಕ್ಕಳಿಗೂ ಸಿಗಲಿ ಎಂದು ನಾವು ಆಸೆ ಪಟ್ಟದ್ದು ತಪ್ಪಾ? ಬೇಡ ಎಂದರೆ ಬೇರೆ ಎಂತ ಮಾಡುತ್ತೀರಿ ಅದನ್ನಾದರೂ ಹೇಳಿ.

ಕಾರ್ಡ್ ಕೆಟಲಾಗ್

ತಪ್ಪಲ್ಲ ಅಣ್ಣ. ನಾನಾದರೆ ಹೀಗೆ ಮಾಡುತ್ತಿದ್ದೆ.

ಮೊದಲು ಪುಸ್ತಕದ ಪಟ್ಟಿ ಕಂಪ್ಯೂಟರಿಗೆ ಬರಲಿ. ಕೋಹಾ ಎಂಬ ತಂತ್ರಾಂಶ ಉಂಟು. ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಲೈಬ್ರರಿಗಾಗಿ ಮಾಡಿಸಿದ್ದು, 2000ದಿಂದ ಬಳಕೆಯಲ್ಲಿದೆ. ಕೋಹಾ ಎಂದರೆ ಮಾವೋರಿ ಭಾಷೆಯಲ್ಲಿ ಉಡುಗೊರೆ. ಹಾಗೇ ಅದು ಧರ್ಮಕ್ಕೆ ಸಿಗುತ್ತದೆ. ಕನ್ನಡ, ಮಲಯಾಳ ಎರಡೂ ಲಿಪಿಯಲ್ಲಿ ಪುಸ್ತಕದ ವಿವರ ತುಂಬಿಸಬಹುದು. ಅದರಲ್ಲಿ ಪುಸ್ತಕದ ಒಂದೊಂದು ಪ್ರತಿಗೂ ‘ಎಲ್ಲಿದೆ’ ಎಂದು ಬರೆಯುವ ಒಂದು ಜಾಗ ಉಂಟು. ಹೆಚ್ಚಿನವರು ಅದನ್ನು ಸರಿಯಾಗಿ ತುಂಬಿಸುವುದೇ ಇಲ್ಲ! ಕಪಾಟಿಗೆ ಒಂದು ಅಕ್ಷರ, ಅಡ್ಡೆಗೆ, ಅಂದರೆ ಅದರ ಅಡ್ಡ ಹಲಗೆಗೆ, ಒಂದು ನಂಬರ್ ಕೊಡಿ. ‘ಕ 3’ ಎಂದರೆ ಕ ಕಪಾಟು, ಮೇಲಿನಿಂದ ಮೂರನೇ ಅಡ್ಡೆ. ಪ್ರತಿ ಕಪಾಟಿನ ಬದಿಗೆ ಕ್ಯೂಆರ್ ಚೀಟಿ ಅಂಟಿಸಿ. ಸ್ಕ್ಯಾನ್ ಮಾಡಿದರೆ ಆ ಕಪಾಟಿನಲ್ಲಿ ಎಂತೆಂತ ಇರಬೇಕು ಎಂದು ಪಟ್ಟಿ ಬರಲಿ. ಅದಕ್ಕೆ ಬ್ಯಾಟರಿ ಬೇಡ, ಜಿಪಿಎಸ್ ಬೇಡ. ಚೀಟಿ ಕಪಾಟಿಗೆ ಅಂಟಿದ್ದರಿಂದ ಅದರ ಲೊಕೇಶನ್ ತಪ್ಪುವುದಿಲ್ಲ.

ಹಣ ಉಳಿದರೆ ಅಕ್ಕನಿಗೆ ಒಳ್ಳೆಯ ನೀರು ಹಿಡಿಯದ ಚೀಲ.

ನಿವೃತ್ತ ಮಾಷ್ಟ್ರು

ಇನ್ನೊಂದು ಕನಸು ನನ್ನದು. ಮಂಜೇಶ್ವರದಲ್ಲಿ ಕವಿ ಗೋವಿಂದ ಪೈಗಳ ಸ್ಮಾರಕ ‘ಗಿಳಿವಿಂಡು’ ಉಂಟು. ಕುಂಬಳೆ ಎಂದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ನಮ್ಮ ಪೆರಡಾಲದಲ್ಲಿ ಕವಿ ಕಯ್ಯಾರರು ಇದ್ದರು. ಅಂಥ ಜಾಗದಲ್ಲಿ ನಿಂತವನ ಫೋನಿಗೆ ‘ಇವರ ಪುಸ್ತಕ ಇಂಥ ಲೈಬ್ರರಿಯಲ್ಲಿ ಉಂಟು’ ಎಂದು ಬಂದರೆ? ಪುಸ್ತಕದಿಂದ ಊರಿಗೆ ದಾರಿ ಗೊತ್ತುಂಟು ನಮಗೆ. ಊರಿನಿಂದ ಪುಸ್ತಕಕ್ಕೂ ದಾರಿ ಬೇಕು.

ಕಾರ್ಡ್ ಕೆಟಲಾಗ್

ಚಂದ ಯೋಚನೆ. ಆದರೆ ಒಂದು ತೊಡಕು ಉಂಟು ಮಾಷ್ಟ್ರೇ. ಲೋಕದ ಲೈಬ್ರರಿಗಳ ಪಟ್ಟಿ ಒಟ್ಟು ಸೇರಿಸಿದ ವರ್ಲ್ಡ್‌ಕ್ಯಾಟ್ ಹಾಗೆ, ನಾವು ಇರುವ ಜಾಗ ಹೇಳಿದರೆ ಹತ್ತಿರದ ಯಾವ ಲೈಬ್ರರಿಯಲ್ಲಿ ಪ್ರತಿ ಇದೆ ಎಂದು ತೋರಿಸುವ ಕೆಲಸ ನಮ್ಮ ಹಳ್ಳಿ ಲೈಬ್ರರಿಗಳ ಮಟ್ಟಿಗೆ ಇನ್ನೂ ಆಗಲಿಲ್ಲ. ಗಡಿಯಲ್ಲಂತೂ ಎರಡು ಲೋಕ. ಕರ್ನಾಟಕದ ಲೈಬ್ರರಿ ಕಾಯ್ದೆ 1965ರದ್ದು, ಅಲ್ಲಿ ಸಾರ್ವಜನಿಕ ಲೈಬ್ರರಿ ಎಂದರೆ ಸರಕಾರದ ಇಲಾಖೆ. ಕೇರಳದ್ದು 1989ರದ್ದು, ಇಲ್ಲಿ ಊರಿನವರೇ ನಡೆಸುವ ಲೈಬ್ರರಿಗಳು ಲೈಬ್ರರಿ ಕೌನ್ಸಿಲಿನ ಕೆಳಗೆ ಬರುತ್ತವೆ. ಪೆರ್ಲದವನಿಗೆ ಬೇಕಾದ ಕನ್ನಡ ಪುಸ್ತಕ ಪುತ್ತೂರಿನಲ್ಲಿ ಇರಬಹುದು. ಬಸ್ಸು ಗಡಿ ದಾಟುತ್ತದೆ, ಪಟ್ಟಿ ದಾಟುವುದಿಲ್ಲ.

ಕೀಲಿಕೈ

ಭಾನುವಾರದ ಸುದ್ದಿ ಹೇಳಲು ಬಂದೆ.

ಕಮಿಟಿಯಲ್ಲಿ ಬೀಕನ್ ಬೇಡ ಎಂದಾಯಿತು. ಶಾರ್ಜಾದವರೂ ಒಪ್ಪಿದರು, ಒಂದು ಹಳೆ ಲ್ಯಾಪ್‌ಟಾಪ್ ಕಳಿಸುತ್ತಾರಂತೆ. ಮೀಟಿಂಗ್ ಮುಗಿದ ಮೇಲೆ ಚಾ ಕುಡಿದು ಏಳು ಮಂದಿ ನಿಂತು ಮಲಯಾಳ ಕಪಾಟು ಇಳಿಸಿದೆವು. ಧೂಳು ಎಂದರೆ ಧೂಳು. ಒಂದು ಜಿರಲೆಗೆ ಖಜಾಂಚಿ ಹಾರಿದ್ದು ನೋಡಬೇಕಿತ್ತು.

ಮಾಷ್ಟ್ರೇ, ಅಲ್ಲಿ ಕನ್ನಡದ್ದು ನಲವತ್ತೊಂದು ಸಿಕ್ಕಿತು. ಕನ್ನಡ ಕಪಾಟಿನಲ್ಲಿ ಮಲಯಾಳದ್ದು ಹನ್ನೆರಡು. ಅಂಕೆ ಓದುವ ರಗಳೆ ಬೇಡ ಎಂದು ಬೆನ್ನಿಗೆ ಬಣ್ಣದ ಟೇಪು ಹಾಕಿದೆವು, ಕನ್ನಡಕ್ಕೆ ಕೆಂಪು, ಮಲಯಾಳಕ್ಕೆ ನೀಲಿ, ಇಂಗ್ಲಿಷಿಗೆ ಬಿಳಿ. ಚಂದಮಾಮದ ಹುಡುಗನೇ ಟೇಪು ಕತ್ತರಿಸಿ ಕೊಟ್ಟದ್ದು.

ಅವನು ಒಂದು ಪುಸ್ತಕ ಹಿಡಿದುಕೊಂಡು ಬಂದು ಕೇಳಿದ: ‘ಇದು ಅಕ್ಷರ ಕನ್ನಡ, ಮಾತು ತುಳು. ಯಾವ ಬಣ್ಣ?’ ಅಲ್ಲಿಗೆ ಎಲ್ಲರ ಬಾಯಿ ಬಂದ್. ಆ ಇಪ್ಪತ್ತು ಪುಸ್ತಕ ಈಗಲೂ ಮೇಜಿನ ಮೇಲೆ ಉಂಟು.

ಅಡಿಕೆ ಸೋಗೆ

ನಾಳೆ ಪೇಟೆಗೆ ಹೋಗುತ್ತೇನೆ. ಹಸಿರು ಟೇಪು ತರುತ್ತೇನೆ. ಆ ಎರಡು ಪುಸ್ತಕವನ್ನೂ ತರುತ್ತೇನೆ, ಮಾಷ್ಟ್ರಿಗೆ ಹೇಳಿ.